ಉಪ್ಪಳದ ಜವಳಿ ಮಳಿಗೆಯ ಶೀಟಿನ ಮಾಡಿಗೆ ಸೋಲಾರ್ ಕೂರಿಸಿದ ಬಗೆ

ಕಾಸರಗೋಡಿನ ಕರಾವಳಿಯಲ್ಲಿ ದೊಡ್ಡ ಕಟ್ಟಡದ ಮೇಲೆ ಸೋಲಾರ್ ಕೂರಿಸುವವನಿಗೆ ಬಿಸಿಲಿನ ಲೆಕ್ಕಕ್ಕಿಂತ ಮಳೆ ಮತ್ತು ಗಾಳಿಯ ಲೆಕ್ಕವೇ ಹೆಚ್ಚು ಕೆಲಸ ಕೊಡುತ್ತದೆ. ಉಪ್ಪಳದಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಜವಳಿ ಮಳಿಗೆಯೊಂದಕ್ಕೆ 100 ಕಿಲೋವ್ಯಾಟ್‌ನ ಘಟಕವನ್ನು ಅಳವಡಿಸುವ ಹೊಣೆ ನನಗೆ ಬಂದಾಗ ಮಾಲಕರು ಇಟ್ಟ ಷರತ್ತು ಒಂದೇ: "ಭಟ್ರೇ, ನಾಲ್ಕು ಯೂನಿಟ್ ಕಡಿಮೆ ಬಂದರೂ ಅಡ್ಡಿಯಿಲ್ಲ, ಸೀರೆಯ ಮೇಲೆ ಒಂದು ತೊಟ್ಟು ನೀರು ಬೀಳಕೂಡದು."

ಇಲ್ಲಿನ ಬಹುಪಾಲು ವ್ಯಾಪಾರಿ ಕಟ್ಟಡಗಳಂತೆ ಅದರ ಟೆರೇಸಿನ ಮೇಲೂ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಹೊದೆಸಲಾಗಿತ್ತು. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಬರಿಯ ಕಾಂಕ್ರೀಟ್ ತಾರಸಿಯನ್ನು ನಂಬಿ ಕೆಳಗೆ ಬಟ್ಟೆಯ ದಾಸ್ತಾನು ಇಡುವವರು ಕಡಿಮೆ. ಮಾಡಿನ ಎರಡು ಇಳಿಜಾರುಗಳು ಪೂರ್ವಕ್ಕೂ ಪಶ್ಚಿಮಕ್ಕೂ ಮುಖ ಮಾಡಿದ್ದವು. ಫಲಕಗಳು ದಕ್ಷಿಣಕ್ಕೇ ತಿರುಗಿರಬೇಕೆಂಬ ಪಾಠವನ್ನು ಹಿಡಿದು, ಶೀಟಿನ ಮೇಲೆ ಮತ್ತೊಂದು ಎತ್ತರದ ಕಬ್ಬಿಣದ ಚೌಕಟ್ಟನ್ನು ಕಟ್ಟುವ ಅಂದಾಜುಪಟ್ಟಿಯೊಂದು ಮಾಲಕರ ಕೈಗೆ ಅದಾಗಲೇ ಬಂದಿತ್ತು. ನಾನು ಅದನ್ನು ಒಪ್ಪಲಿಲ್ಲ. ನಾವಿರುವುದು ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಹತ್ತು ಡಿಗ್ರಿಯಷ್ಟು ಮಾತ್ರ ಓರೆಯಿರುವ ಮಾಡಿನಲ್ಲಿ ಪೂರ್ವ-ಪಶ್ಚಿಮವಾಗಿ ಕೂರಿಸಿದರೆ ಆಗುವ ನಷ್ಟ ಅಲ್ಪ. ಎತ್ತರದ ಚೌಕಟ್ಟಾದರೋ ಗಾಳಿಗೆ ಹಾಯಿ ಕಟ್ಟಿಕೊಟ್ಟಂತೆ. ಅದಲ್ಲದೆ ಬೆಳಿಗ್ಗೆ ಪೂರ್ವದ ಸಾಲು, ಸಂಜೆ ಪಶ್ಚಿಮದ ಸಾಲು ಹೆಚ್ಚು ದುಡಿಯುವುದರಿಂದ ಮಳಿಗೆಯ ಎಸಿಗಳಿಗೆ ದಿನವಿಡೀ ಒಂದು ಹದದಲ್ಲಿ ವಿದ್ಯುತ್ ಸಿಗುತ್ತದೆ.

550 ವ್ಯಾಟ್‌ನ 182 ಫಲಕಗಳನ್ನು ಗೊತ್ತುಮಾಡಿ, ಪ್ರತಿ ಇಳಿಜಾರಿಗೆ 91ರಂತೆ, ಒಂದಕ್ಕೊಂದು ಸರಣಿಯಾಗಿ ತಂತಿ ಜೋಡಿಸಿದ 13 ಫಲಕಗಳ ಏಳೇಳು ಸ್ಟ್ರಿಂಗ್‌ಗಳಾಗಿ ಹಂಚಿದೆವು. ಎರಡು ದಿಕ್ಕಿನ ಫಲಕಗಳನ್ನು ಒಂದೇ ಸ್ಟ್ರಿಂಗಿನಲ್ಲಿ ಬೆರೆಸಕೂಡದು. ಕಡಿಮೆ ಬಿಸಿಲು ಬಿದ್ದ ಫಲಕವೇ ಇಡೀ ಸಾಲಿನ ಕರೆಂಟನ್ನು ಕಟ್ಟಿಹಾಕುತ್ತದೆ. ಲಿಫ್ಟ್ ಕೋಣೆಯ ಮೇಲಿನ ನೀರಿನ ಟ್ಯಾಂಕಿನ ನೆರಳು ಡಿಸೆಂಬರಿನಲ್ಲಿ ಉತ್ತರಕ್ಕೂ ಜೂನಿನಲ್ಲಿ ದಕ್ಷಿಣಕ್ಕೂ ಬೀಳುವುದರಿಂದ ಅದರ ಎರಡೂ ಬದಿ ಜಾಗ ಬಿಟ್ಟೆವು.

ಒಂದು ಫಲಕದ ತೂಕ 28 ಕಿಲೋದ ಆಸುಪಾಸು, ವಿಸ್ತೀರ್ಣ ಸುಮಾರು 2.6 ಚದರ ಮೀಟರ್. ಹಾಗಾಗಿ ಭಾರ ಚದರ ಮೀಟರಿಗೆ 11 ಕಿಲೋ ಅಷ್ಟೆ. ಟ್ರಸ್ಸಿಗೆ ಅದು ಹೊರೆಯಲ್ಲ, ಆದರೆ ಗಾಳಿ ಮೇಲಕ್ಕೆ ಎಳೆಯುವ ಬಲ ಇದರ ಹಲವು ಪಟ್ಟು ಆಗಬಲ್ಲದು. ಆದುದರಿಂದ ಫಲಕಗಳನ್ನು ಹಿಡಿದಿಡುವ ಲೋಹದ ಪಟ್ಟಿಗಳಾದ ರೈಲುಗಳ ಸ್ಕ್ರೂಗಳು ಬರಿಯ ಅರ್ಧ ಮಿಲಿಮೀಟರಿನ ಶೀಟನ್ನು ಕಚ್ಚಿ ನಿಂತರೆ ಸಾಲದು, ಕೆಳಗಿನ ಪರ್ಲಿನ್ನಿಗೆ, ಅಂದರೆ ಶೀಟನ್ನು ಹೊರುವ ಅಡ್ಡಪಟ್ಟಿಗೆ, ಇಳಿಯಲೇಬೇಕೆಂದು ಪಟ್ಟು ಹಿಡಿದೆ. ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದ ಕೆಲವು ಪರ್ಲಿನ್‌ಗಳನ್ನು ಸ್ಟ್ರಕ್ಚರಲ್ ಇಂಜಿನಿಯರರ ಸಲಹೆಯಂತೆ ಮೊದಲೇ ಬದಲಿಸಿದೆವು. ತೂತು ಕೊರೆದದ್ದೆಲ್ಲ ಶೀಟಿನ ಉಬ್ಬಿನಲ್ಲಿ. ನೀರು ಹರಿಯುವ ತಗ್ಗಿನಲ್ಲಿ ಒಂದನ್ನೂ ಕೊರೆಯಲಿಲ್ಲ. ರೈಲಿನ ಅಡಿಗೆ ನೀರು ತಡೆಯುವ ಬ್ಯುಟೈಲ್ ಟೇಪು, ಸ್ಕ್ರೂವಿನ ತಲೆಯಡಿಗೆ ರಬ್ಬರ್ ವಾಷರು. ಈ ವಾಷರನ್ನು ಬಿಗಿಯುವುದರಲ್ಲಿ ಒಂದು ಹದವಿದೆ: ಅಂಚು ತುಸುವೇ ಉಬ್ಬಿ ಕಂಡೊಡನೆ ನಿಲ್ಲಿಸಬೇಕು, ಇನ್ನೂ ಬಿಗಿದರೆ ರಬ್ಬರು ಸೀಳಿ ನೀರಿಗೆ ದಾರಿಯಾಗುತ್ತದೆ. ಒಂದೊಂದು ಸಾಲು ಮುಗಿದಂತೆ ಪೈಪಿನಿಂದ ನೀರು ಬಿಟ್ಟು, ಒಬ್ಬನನ್ನು ಶೀಟಿನ ಕೆಳಗೆ ಟಾರ್ಚು ಹಿಡಿದು ನಿಲ್ಲಿಸಿ ನೋಡಿದ ಮೇಲೆಯೇ ಫಲಕ ಏರಿಸಿದ್ದು. ಫಲಕಕ್ಕೂ ಶೀಟಿಗೂ ನಡುವೆ ಗಾಳಿಯಾಡಲು ಗೇಣಿಗೆ ಸ್ವಲ್ಪ ಕಡಿಮೆ ಅಂತರವಿಟ್ಟೆವು. 25 ಡಿಗ್ರಿಯಿಂದ ಮೇಲೇರುವ ಒಂದೊಂದು ಡಿಗ್ರಿ ಕಾವಿಗೂ ಉತ್ಪಾದನೆ ಸುಮಾರು ಶೇಕಡಾ 0.35ರಷ್ಟು ಕುಸಿಯುತ್ತದೆ.

ಪಡೆದ ಮತ್ತು ಗ್ರಿಡ್ಡಿಗೆ ಕೊಟ್ಟ ವಿದ್ಯುತ್ತನ್ನು ಅಳೆಯುವ ನೆಟ್ ಮೀಟರಿನ ಅರ್ಜಿ, ವಿದ್ಯುತ್ ಇನ್ಸ್‌ಪೆಕ್ಟೊರೇಟಿನ ಅನುಮತಿ ಮುಂತಾದವು ಕ್ರಮದಂತೆ ನಡೆದವು. ತುಲಾ ತಿಂಗಳ ಸಿಡಿಲಿಗೆ ಹೆದರಿ ಸಿಡಿಲು ತಡೆಗೆ ಬೇರೆಯೇ ಅರ್ತಿಂಗ್ ಕೊಟ್ಟೆವು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅದರ ಪ್ರತಿರೋಧ ಏರುವುದರಿಂದ ಅಳತೆಯನ್ನು ಏಪ್ರಿಲಿನಲ್ಲೇ ತೆಗೆಯುವುದು ಒಳಿತು.

ಹೆಚ್ಚು ತಲೆ ಕೆಡಿಸಿಕೊಂಡದ್ದು ಡೀಸೆಲ್ ಜನರೇಟರಿನ ವಿಷಯದಲ್ಲಿ. ಲೈನಿನಲ್ಲಿ ದುರಸ್ತಿ ಮಾಡುವವರ ಜೀವರಕ್ಷಣೆಗಾಗಿ, ಕರೆಂಟು ಹೋದೊಡನೆ ಗ್ರಿಡ್ಡಿಗೆ, ಅಂದರೆ ಹೊರಗಿನ ವಿದ್ಯುತ್ ಜಾಲಕ್ಕೆ, ಜೋಡಿಸಿದ ಇನ್ವರ್ಟರೂ (ಫಲಕಗಳ ವಿದ್ಯುತ್ತನ್ನು ಮಳಿಗೆಯ ಬಳಕೆಗೆ ಹೊಂದಿಸುವ ಯಂತ್ರ) ನಿಲ್ಲುತ್ತದೆ. ಸುಡುಬಿಸಿಲಿನಲ್ಲಿಯೂ ಸೋಲಾರ್ ನಿಲ್ಲುವುದೇಕೆ ಎಂಬುದು ಎಲ್ಲ ಮಾಲಕರ ಪ್ರಶ್ನೆ. ಜನರೇಟರ್ ಹೊತ್ತಿದೊಡನೆ ಇನ್ವರ್ಟರ್ ಅದನ್ನೇ ಗ್ರಿಡ್ ಎಂದು ಬಗೆದು ವಿದ್ಯುತ್ ತಳ್ಳತೊಡಗುತ್ತದೆ. ಆ ಹೊತ್ತಿಗೆ ಮಳಿಗೆಯ ಲೋಡು ಕಡಿಮೆಯಿದ್ದರೆ ಹೆಚ್ಚಾದ ವಿದ್ಯುತ್ತು ಜನರೇಟರಿನೊಳಗೇ ನುಗ್ಗಿ ಅದನ್ನು ಕೆಡಿಸಬಹುದು. ಇದಕ್ಕೆಂದೇ ಸಿಗುವ ಕಂಟ್ರೋಲರನ್ನು ಹಾಕಿ, ಜನರೇಟರಿನ ಮೇಲೆ ಕನಿಷ್ಠ ಶೇಕಡಾ 30ರಷ್ಟು ಲೋಡು ಸದಾ ಉಳಿಯುವಂತೆ ಸೆಟ್ ಮಾಡಿದೆವು. ಅಂದಾಜುಪಟ್ಟಿಯಲ್ಲಿ ಇದನ್ನು ಕೈಬಿಟ್ಟು ದರ ಇಳಿಸಿ ತೋರಿಸುವವರಿದ್ದಾರೆ. ಜನರೇಟರ್ ಇರುವ ಮಳಿಗೆಯವರು ಇದನ್ನು ಕೇಳಿ ಬರೆಸಿಕೊಳ್ಳಬೇಕು.

ಹಣದ ಲೆಕ್ಕದಲ್ಲಿ ಮನೆಗಳಿಗೆ ಸಿಗುವ ಕೇಂದ್ರದ ಸಹಾಯಧನ ವಾಣಿಜ್ಯ ಕಟ್ಟಡಕ್ಕೆ ಇಲ್ಲ. ಆದರೆ ಆದಾಯ ತೆರಿಗೆಯಲ್ಲಿ ಶೇಕಡಾ 40ರ ಸವಕಳಿ (ಡಿಪ್ರಿಸಿಯೇಷನ್) ಸಿಗುತ್ತದೆ. ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಎಂದಷ್ಟೇ ಹೇಳಿದ್ದೆ, ಆಷಾಢದಲ್ಲಿ ಅದು ಅರ್ಧಕ್ಕೂ ಇಳಿಯಬಹುದೆಂದು ಮೊದಲೇ ತಿಳಿಸಿದ್ದೆ. ಬಿಲ್ಲಿನ ಡಿಮ್ಯಾಂಡ್ ಶುಲ್ಕವೂ, ಅಂದರೆ ಒಮ್ಮೆಗೆ ಎಳೆಯುವ ಗರಿಷ್ಠ ವಿದ್ಯುತ್ತಿಗೆ ಹಾಕುವ ಶುಲ್ಕವೂ, ಯೂನಿಟ್ಟುಗಳು ಇಳಿದ ಪ್ರಮಾಣದಲ್ಲಿ ತಗ್ಗುವುದಿಲ್ಲ. ದೀಪಗಳೂ ಎಸಿಗಳೂ ಒಟ್ಟಿಗೆ ಉರಿಯುವ ಸಂಜೆ ಏಳರ ಹೊತ್ತಿಗೆ ಸೋಲಾರಿನ ನೆರವಿರುವುದಿಲ್ಲ.

ಹೆದ್ದಾರಿಯ ಧೂಳು ಮತ್ತು ಕಡಲಿನ ಉಪ್ಪು ಸೇರಿ ಬೇಸಿಗೆಯಲ್ಲಿ ಗಾಜಿನ ಮೇಲೆ ಅಂಟಾದ ಪದರ ಕಟ್ಟುತ್ತದೆ. ಅದನ್ನು ಬೆಳಿಗ್ಗೆ ಬಿಸಿಲೇರುವ ಮುನ್ನ, ಸಾಲುಗಳ ನಡುವೆ ಬಿಟ್ಟ ನಡೆದಾರಿಯಲ್ಲಿ ನಿಂತು, ಸಿಹಿನೀರಿನಿಂದಲೇ ತೊಳೆಯುತ್ತಾರೆ. ಫಲಕದ ಮೇಲೆ ಕಾಲಿಟ್ಟರೆ ಕಣ್ಣಿಗೆ ಕಾಣದ ಬಿರುಕು ಬೀಳುವುದರಿಂದ ಅದಕ್ಕೆ ಅವಕಾಶವಿಲ್ಲ. ಮಳೆಗಾಲ ಮುಗಿದೊಡನೆ ಫಲಕಗಳ ತಂತಿಗಳನ್ನು ಕೂಡಿಸುವ ಕನೆಕ್ಟರುಗಳ ಕಾವನ್ನು ಅಳೆದು, ಉಳಿದವಕ್ಕಿಂತ ಹೆಚ್ಚು ಬಿಸಿಯಾದುದನ್ನು ಅದೇ ಕಂಪೆನಿಯ ಜೋಡಿಯಿಂದ ಬದಲಿಸುತ್ತೇವೆ.