ಪಶುಪತಿಯಿಂದ ಸ್ವಯಂಭುವರೆಗೆ: ಕಠ್ಮಂಡುವಿನ ಒಂದು ದಿನವನ್ನು ನಾನು ಹೊಂದಿಸುವ ಬಗೆ

ಕಠ್ಮಂಡು ಕಣಿವೆಯಲ್ಲಿ 1979ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ತಾಣಗಳು ಏಳು. ಒಂದೇ ದಿನದಲ್ಲಿ ಏಳನ್ನೂ ಸುತ್ತಿಸಬೇಡಿ. ನಾನು ತಂಡ ಕರೆದುಕೊಂಡು ಹೋದಾಗ ನಾಲ್ಕಕ್ಕೇ ನಿಲ್ಲಿಸುತ್ತೇನೆ: ಪಶುಪತಿನಾಥ ದೇವಾಲಯ, ಬೌದ್ಧನಾಥ ಸ್ತೂಪ, ಪಾಟನ್‌ನ ಅರಮನೆ ಚೌಕ, ಗುಡ್ಡದ ಮೇಲಿನ ಸ್ವಯಂಭು ಸ್ತೂಪ. ಭಕ್ತಪುರ ಮತ್ತು ಚಾಂಗುನಾರಾಯಣ ಎರಡೂ ನಗರದ ಪೂರ್ವಕ್ಕಿವೆ, ಅವಕ್ಕೆ ಇನ್ನೊಂದು ದಿನ ಬೇಕು. ಕಠ್ಮಂಡುವಿನ ಹಳೆಯ ಅರಮನೆಯಾದ ಹನುಮಾನ್ ಢೋಕಾವನ್ನು, ಹೋಟೆಲುಗಳ ಬಡಾವಣೆಯಾದ ತಮೇಲ್‌ನಲ್ಲಿ ಉಳಿದುಕೊಂಡವರು ಬಿಡುವಾದಾಗ ನಡೆದೇ ನೋಡಿ ಬರಬಹುದು.

ನಾಲ್ಕರಲ್ಲಿ ಯಾವುದು ಮೊದಲು ಎಂಬುದನ್ನು ಪಶುಪತಿಯ ಬಾಗಿಲು ತೀರ್ಮಾನಿಸುತ್ತದೆ. ಮಧ್ಯಾಹ್ನ ಗರ್ಭಗುಡಿ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಗೇ. ಬೆಳಿಗ್ಗೆ ಬೇರೆ ಕಡೆ ಸುತ್ತಿ ಹನ್ನೆರಡರ ಮೇಲೆ ಇಲ್ಲಿಗೆ ಬಂದವರು ಮುಚ್ಚಿದ ಬೆಳ್ಳಿ ಬಾಗಿಲು ನೋಡಿ ಹಿಂದಿರುಗಬೇಕಾಗುತ್ತದೆ. ಆದ್ದರಿಂದ ಆರೂವರೆಗೆಲ್ಲ ನಾವು ಪಶ್ಚಿಮದ ಮಹಾದ್ವಾರದ ಮುಂದಿರುತ್ತೇವೆ. ಸೋಮವಾರ, ಏಕಾದಶಿ, ಹುಣ್ಣಿಮೆಗಳಲ್ಲಿ ಸಾಲು ಉದ್ದ. ಶನಿವಾರವೂ ಹಾಗೇ, ಏಕೆಂದರೆ ನೇಪಾಳದ ವಾರದ ರಜೆ ಶನಿವಾರ. ಇದನ್ನು ಗಮನಿಸದೆ, ಭಾನುವಾರವಲ್ಲವಲ್ಲ ಎಂದು ಶನಿವಾರವನ್ನೇ ಆರಿಸಿಕೊಳ್ಳುವವರು ಬಹಳ. ಇನ್ನೊಂದು ಮಾತು: ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದೆ. ಮೊಬೈಲು ತಾನಾಗಿ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ. ಹಿಂದಿನ ರಾತ್ರಿ ಊಟದ ಹೊತ್ತಿಗೇ ಎಲ್ಲರ ಕೈಗಡಿಯಾರವನ್ನೂ ತಿದ್ದಿಸುತ್ತೇನೆ.

ಪಶುಪತಿಯ ಒಳಗೆ ಚರ್ಮದ ವಸ್ತುಗಳಿಗೆ ಅವಕಾಶವಿಲ್ಲ. ಚಪ್ಪಲಿಯನ್ನು ಎಲ್ಲರೂ ನೆನಪಿಟ್ಟು ಬಿಡುತ್ತಾರೆ, ಸೊಂಟದ ಬೆಲ್ಟು ಮತ್ತು ಜೇಬಿನ ಪರ್ಸು ಮರೆಯುತ್ತಾರೆ. ಅವನ್ನು ವ್ಯಾನಿನಲ್ಲೇ ಬಿಡಿಸಿ, ಕಾಣಿಕೆಗೆ ಬೇಕಾದ ಚಿಲ್ಲರೆಯನ್ನು ಮಾತ್ರ ಬಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳಲು ಹೇಳುತ್ತೇನೆ. ನಮ್ಮ ನೂರು ರೂಪಾಯಿಗೆ ಅಲ್ಲಿನ ನೂರ ಅರವತ್ತು. ಈ ದರ 1993ರಿಂದ ಬದಲಾಗಿಲ್ಲ, ಹಾಗಾಗಿ ಲೆಕ್ಕ ಸುಲಭ. ಆದರೂ ಸಣ್ಣ ನೇಪಾಳಿ ನೋಟುಗಳನ್ನು ಹಿಂದಿನ ದಿನವೇ ಮಾಡಿಸಿಟ್ಟುಕೊಳ್ಳಬೇಕು. ಒಳಾಂಗಣದಲ್ಲಿ ಫೋಟೊ ತೆಗೆಯುವಂತಿಲ್ಲ. ಮುಖ್ಯ ದೇವಾಲಯದೊಳಗೆ ಹಿಂದೂಗಳಿಗೆ ಮತ್ತು ಇಲ್ಲಿಯದೇ ಧರ್ಮಗಳಾದ ಬೌದ್ಧ, ಜೈನ, ಸಿಖ್ಖರಿಗೆ ಪ್ರವೇಶವಿದೆ. ತಂಡದಲ್ಲಿ ಬೇರೆಯವರಿದ್ದರೆ ಅವರಿಗೆ ಮೊದಲೇ ತಿಳಿಸಿ, ಗುಡಿಯ ಪಕ್ಕದ ಬಾಗ್ಮತಿ ನದಿಯ ಪೂರ್ವ ದಂಡೆಯಲ್ಲಿ ಗೈಡ್ ಜೊತೆ ನಿಲ್ಲುವ ಏರ್ಪಾಡು ಮಾಡಬೇಕು. ಬಾಗಿಲಲ್ಲಿ ತಡೆದಾಗ ಹೇಳಿದರೆ ಅವರಿಗೆ ನೋವಾಗುತ್ತದೆ.

ಒಳಗೆ ಆಗುವ ದೊಡ್ಡ ತಪ್ಪು ಒಂದು. ಲಿಂಗಕ್ಕೆ ನಾಲ್ಕು ದಿಕ್ಕಿಗೂ ಮುಖ, ಗುಡಿಗೆ ನಾಲ್ಕು ಬಾಗಿಲು. ಪಶ್ಚಿಮದಿಂದ ಒಳಬಂದವರು ನಂದಿಯ ಹಿಂದೆ ನಿಂತು ಸದ್ಯೋಜಾತ ಮುಖವೊಂದನ್ನೇ ಕಂಡು, ದರ್ಶನವಾಯಿತು ಎಂದು ಹೊರಟುಬಿಡುತ್ತಾರೆ. ಪ್ರದಕ್ಷಿಣೆ ಹಾಕುತ್ತಾ ಉತ್ತರಕ್ಕೆ ವಾಮದೇವ, ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ ಎಂದು ಪ್ರತಿ ಬಾಗಿಲ ಮುಂದೆಯೂ ನಿಲ್ಲಬೇಕು. ಐದನೆಯದಾದ ಈಶಾನ ಮೇಲ್ಮುಖ, ಅದಕ್ಕೆ ರೂಪವಿಲ್ಲ. ಇದನ್ನು ಹೊರಗೇ ಐದು ನಿಮಿಷ ಕನ್ನಡದಲ್ಲಿ ವಿವರಿಸಿ ಒಳಗೆ ಕರೆದೊಯ್ಯುತ್ತೇನೆ. ಒಳಗೆ ನಿಂತು ವಿವರಿಸಲು ಜಾಗವೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ. ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಭಟ್ಟರಿಗೆ ಮಾತ್ರ. ಅವರು ನಮ್ಮ ಕರ್ನಾಟಕದ ಕಡೆಯಿಂದ ಹೋದ ವೈದಿಕರು. ಸ್ಥಳೀಯ ಭಂಡಾರಿಗಳು ಅವರಿಗೆ ಸಹಾಯಕರು. ಇದು ಗೊತ್ತಾದ ಕೂಡಲೇ ನಮ್ಮವರಿಗೆ ಕನ್ನಡದಲ್ಲಿ ಮಾತಾಡಿಸುವ ಆಸೆ. ಪೂಜೆಯ ಹೊತ್ತಿನಲ್ಲಿ ಹಾಗೆ ಮಾಡಬಾರದು, ಹಿಂದಿನ ಸಾಲು ನಿಂತುಬಿಡುತ್ತದೆ. ಅಭಿಷೇಕ ಮಾಡಿಸುವವರು ಕ್ಷೇತ್ರದ ಕೌಂಟರಿನಲ್ಲೇ ರಸೀದಿ ಪಡೆಯಲಿ, ದಾರಿಯಲ್ಲಿ ಸಿಗುವ ಮಧ್ಯವರ್ತಿಗಳಿಗೆ ಹಣ ಕೊಡುವುದು ಬೇಡ. ನದಿ ದಂಡೆಯ ಆರ್ಯಘಾಟಿನ ಚಿತೆಗಳ ಕಡೆಗೆ ಯಾರೂ ಮೊಬೈಲ್ ಎತ್ತಬಾರದು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಅಲ್ಲಿ ಕೂತಿರುವವರು ಆಗಷ್ಟೇ ಮನೆಯವರನ್ನು ಕಳೆದುಕೊಂಡವರು.

ಅಲ್ಲಿಂದ ಬೌದ್ಧನಾಥ ಎರಡು ಕಿಲೋಮೀಟರಿನಷ್ಟು ದೂರ. ಕಾಲಲ್ಲಿ ಶಕ್ತಿ ಇರುವವರನ್ನು ನದಿ ದಾಟಿಸಿ, ಮೃಗಸ್ಥಲಿ ಗುಡ್ಡದ ಮೆಟ್ಟಿಲು ಹತ್ತಿಸಿ, ಗುಹ್ಯೇಶ್ವರಿ ದೇವಿಯ ಗುಡಿಯ ದಾರಿಯಾಗಿ ನಡೆಸುತ್ತೇನೆ. ಮಂಡಿನೋವಿನವರು ವ್ಯಾನಿನಲ್ಲಿ ಬರುತ್ತಾರೆ. ಎರಡೂ ಗುಂಪು ಸೇರುವ ಜಾಗವನ್ನು ಮೊದಲೇ ಗುರುತು ಮಾಡಿರಬೇಕು. ಸ್ತೂಪ ದುಂಡಗಿದ್ದು ಸುತ್ತಲೂ ಅಂಗಡಿಗಳೇ ಇರುವುದರಿಂದ ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ, ಜನ ತಪ್ಪಿಸಿಕೊಳ್ಳುವುದು ಹೆಚ್ಚು ಇಲ್ಲೇ. ರಸ್ತೆಯ ಕಡೆಯ ಮುಖ್ಯ ದ್ವಾರದ ಕೆಳಗೆ ಎಂದು ಗೊತ್ತು ಮಾಡಿ. ಟಿಕೆಟ್ಟಿನಲ್ಲಿ ಸಾರ್ಕ್ ದೇಶದವರಿಗೆ ಕಡಿಮೆ ದರವಿದೆ. ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಕೈಯಲ್ಲಿರಲಿ.

ಬೌದ್ಧನಾಥದಲ್ಲಿ ಬಲಭುಜ ಸ್ತೂಪದ ಕಡೆಗಿರುವಂತೆ ಸುತ್ತಬೇಕು. ನಮ್ಮ ಪ್ರದಕ್ಷಿಣೆಯೂ ಅದೇ ಆದ್ದರಿಂದ ಹೇಳಿಕೊಡಬೇಕಾಗಿಲ್ಲ. ಆದರೆ ಅಂಗಡಿಯೊಂದನ್ನು ನೋಡಿ ನಾಲ್ಕು ಹೆಜ್ಜೆ ಹಿಂದಕ್ಕೆ ಬರುವ ಅಭ್ಯಾಸ ಎಲ್ಲರಿಗೂ ಇರುತ್ತದೆ, ಹಾಗೆ ಬಂದರೆ ಎದುರಿನಿಂದ ಸುತ್ತುವ ನೂರಾರು ಭಕ್ತರಿಗೆ ಅಡ್ಡಿ. ಬೇಕಾದರೆ ಇನ್ನೊಂದು ಸುತ್ತು ಹಾಕಿ. ಸುಮಾರು 36 ಮೀಟರ್ ಎತ್ತರದ ಈ ಸ್ತೂಪವನ್ನು ಕೆಳಗಿನಿಂದ ನೋಡಿದರೆ ಅದರ ವಿನ್ಯಾಸ ತಿಳಿಯುವುದಿಲ್ಲ. ಉತ್ತರದ ಕಡೆಯಿಂದ ಮೇಲಿನ ಜಗಲಿಗೆ ಹತ್ತಿಸಿ. ಆಗ ಮಂಡಲದ ಆಕಾರದ ಅಟ್ಟಣೆಗಳು, ಬುಡದ ಸುತ್ತ ಗೂಡುಗಳಲ್ಲಿ ಕೂತ 108 ಸಣ್ಣ ಬುದ್ಧರು, ಮೇಲೆ 13 ಹಂತದ ಶಿಖರ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಬಿಳಿ ಗುಮ್ಮಟದ ಮೇಲೆ ಹಳದಿ ಕಮಾನುಗಳ ಸಾಲು ಇರುತ್ತದೆ. ಅದು ಕುಂಚದಲ್ಲಿ ಬರೆದದ್ದಲ್ಲ, ಕೇಸರಿ ಬೆರೆಸಿದ ನೀರನ್ನು ಬಕೀಟಿನಿಂದ ಒಂದೇ ಬೀಸಿಗೆ ಎರಚಿ ಮೂಡಿಸಿದ ಕಮಲದ ದಳಗಳು. ಹತ್ತಿರ ಹೋದರೆ ಎರಚಿದ ಹನಿಗಳ ಜಾಡು ಸುಣ್ಣದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. 2015ರ ಭೂಕಂಪದಲ್ಲಿ ಶಿಖರ ಬಿರುಕು ಬಿಟ್ಟಿತ್ತು. ಕಟ್ಟಿ ಮುಗಿಸಿ 2016ರ ನವೆಂಬರಿನಲ್ಲಿ ಮತ್ತೆ ಪ್ರತಿಷ್ಠೆ ಮಾಡಿದರು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಪಾಟನ್. ಇದು ಉದ್ದೇಶಪೂರ್ವಕ: ಅರಮನೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ನೆರಳಿದೆ, ಶೌಚಾಲಯವಿದೆ, ಮಳೆ ಬಂದರೂ ದಿನ ಕೆಡುವುದಿಲ್ಲ. ಊಟಕ್ಕೆ ದಾಲ್‌ಭಾತ್ ಹೇಳಿದರೆ ಅನ್ನ, ಬೇಳೆ, ಪಲ್ಯ ಮತ್ತೆ ಮತ್ತೆ ಬಡಿಸುತ್ತಾರೆ. ಸಸ್ಯಾಹಾರಿಗಳು ಮೊಮೊ ತಿನ್ನುವ ಮೊದಲು ಒಳಗೇನಿದೆ ಎಂದು ಕೇಳಲೇಬೇಕು, ಇಲ್ಲಿ ಕೇಳದೆ ಬರುವುದು ಸಾಮಾನ್ಯವಾಗಿ ಎಮ್ಮೆಯ ಮಾಂಸದ್ದು.

ಇಡೀ ದಿನದಲ್ಲಿ ನಾನು ಅತಿ ಹೆಚ್ಚು ಮಾತಾಡುವುದು ಪಾಟನ್ ಚೌಕದ ಕೃಷ್ಣ ಮಂದಿರದ ಮುಂದೆ. 1637ರಲ್ಲಿ ಪಾಟನ್ ಅರಸ ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ ಕಲ್ಲಿನ ಗುಡಿ, 21 ಶಿಖರಗಳು. ಪಟ್ಟಿಕೆಗಳಲ್ಲಿ ಮಹಾಭಾರತ, ರಾಮಾಯಣ. ಕೆಳಗಿನ ಅಂತಸ್ತಿನಲ್ಲಿ ಕೃಷ್ಣ, ಅದರ ಮೇಲೆ ಶಿವ, ಅದರ ಮೇಲೆ ಲೋಕೇಶ್ವರ, ಅಂದರೆ ಬೌದ್ಧರ ಅವಲೋಕಿತೇಶ್ವರ. ಇದು ಹಿಂದೂ ಗುಡಿಯೋ ಬೌದ್ಧ ಗುಡಿಯೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಮಂಗಳೂರಿನ ಕದ್ರಿಯನ್ನು ನೆನಪಿಸುತ್ತೇನೆ. ಅಲ್ಲಿ ಮಂಜುನಾಥನ ಗುಡಿಯಲ್ಲೇ 968ರಲ್ಲಿ ಆಳುಪ ಅರಸ ಕುಂದವರ್ಮ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವಿದೆ, ಪಕ್ಕದ ಗುಡ್ಡದಲ್ಲಿ ನಾಥಪಂಥದ ಜೋಗಿಮಠ, ಮತ್ಸ್ಯೇಂದ್ರನಾಥನ ಪರಂಪರೆ. ಪಾಟನ್ ಬೀದಿಗಳಲ್ಲಿ ರಥ ಎಳೆಸಿಕೊಳ್ಳುವ ಕೆಂಪು ದೇವರೂ ಈ ಮತ್ಸ್ಯೇಂದ್ರನಾಥನೇ: ಹಿಂದೂಗಳಿಗೆ ಮಚ್ಛಿಂದ್ರನಾಥ, ಬೌದ್ಧರಿಗೆ ಕರುಣಾಮಯ ಲೋಕೇಶ್ವರ. ಕದ್ರಿ ನೋಡಿದವರಿಗೆ ಪಾಟನ್ ಬೇಗ ಅರ್ಥವಾಗುತ್ತದೆ. ನಂತರ ಚೌಕದಿಂದ ಉತ್ತರಕ್ಕೆ ಕೆಲವೇ ನಿಮಿಷ ನಡೆದರೆ ಹಿರಣ್ಯವರ್ಣ ಮಹಾವಿಹಾರ. ಅಲ್ಲಿನ ಒಳ ಅಂಗಳಕ್ಕೂ ಚರ್ಮ ನಿಷಿದ್ಧ, ಬೆಲ್ಟಿನ ಪಾಠ ಇಲ್ಲೂ ಬೇಕು.

ಗೈಡ್ ವಿಷಯದಲ್ಲಿ ಒಂದು ಮಾತು. ಪರವಾನಗಿ ಕಾರ್ಡು ನೋಡಿ, ಇಡೀ ದಿನದ ಸಂಭಾವನೆಯನ್ನು ಮೊದಲೇ ಮಾತಾಡಿ, ಯಾವ ಅಂಗಡಿಗೂ ಕರೆದೊಯ್ಯಬಾರದು ಎಂದು ಆಗಲೇ ಹೇಳಿಬಿಡಿ. ಬಟ್ಟೆಯ ಮೇಲೆ ಬರೆಯುವ ಬೌದ್ಧ ಚಿತ್ರವಾದ ತಂಗ್ಕಾದ ಒಂದು ಅಂಗಡಿ ಹೊಕ್ಕರೆ ಮುಕ್ಕಾಲು ಗಂಟೆ ಹೋಗುತ್ತದೆ, ಅದರ ಪೆಟ್ಟು ಬೀಳುವುದು ಸ್ವಯಂಭುವಿನ ಮೇಲೆ.

ಪಾಟನ್‌ನಿಂದ ಸ್ವಯಂಭುವಿಗೆ ಸಂಜೆಯ ವಾಹನ ದಟ್ಟಣೆಯಲ್ಲಿ ಒಂದು ಗಂಟೆ ಇಟ್ಟುಕೊಳ್ಳಿ. ಪೂರ್ವದ 365 ಮೆಟ್ಟಿಲು ಕೊನೆಕೊನೆಗೆ ಬಲು ಕಡಿದು. ಅಷ್ಟು ಹೊತ್ತಿಗೆ ಕಾಲು ಸೋತಿರುತ್ತವೆ, ಹಾಗಾಗಿ ವ್ಯಾನನ್ನು ಹಿಂಬದಿಯ ರಸ್ತೆಯಿಂದ ಮೇಲಕ್ಕೆ ಒಯ್ದು, ವಾಪಸಾಗುವಾಗ ಬೇಕೆನ್ನುವವರನ್ನು ಮಾತ್ರ ಪೂರ್ವದ ಮೆಟ್ಟಿಲಲ್ಲಿ ಇಳಿಸುತ್ತೇನೆ. ಮಂಗಗಳಿಗೆ ಕೈಚೀಲದ ಸದ್ದು ಗೊತ್ತು. ಬೆಳಿಗ್ಗೆಯ ಪ್ರಸಾದ, ಬಾಳೆಹಣ್ಣು, ಜ್ಯೂಸ್ ಬಾಟಲಿ ಎಲ್ಲ ವ್ಯಾನಿನಲ್ಲೇ ಇರಲಿ. ಸ್ತೂಪದ ಕಣ್ಣುಗಳ ನಡುವೆ ಮೂಗಿನಂತೆ ಕಾಣುವುದು ನೇಪಾಳಿ ಲಿಪಿಯ ಒಂದು ಎಂಬ ಅಂಕಿ.

ಸ್ತೂಪ ನೋಡಿ ಹೊರಟುಬಿಡಬೇಡಿ, ಪಕ್ಕದಲ್ಲೇ ಇರುವ ಹಾರತಿಯ ಸಣ್ಣ ಗುಡಿಯ ಹತ್ತಿರ ಹತ್ತು ನಿಮಿಷ ನಿಲ್ಲಿ. ಸಿಡುಬಿನಿಂದ ಮಕ್ಕಳನ್ನು ಕಾಯುವ ತಾಯಿ ಅವಳು, ನಮ್ಮ ಊರುಗಳ ಮಾರಮ್ಮನ ಹಾಗೆ. ಕಣಿವೆಯ ಮೂಲನಿವಾಸಿಗಳಾದ ನೇವಾರರು ಅವಳನ್ನು ಅಜಿಮಾ ಎನ್ನುತ್ತಾರೆ, ಅಜ್ಜಿ ಎಂದೇ ಅರ್ಥ. ಕೂಸನ್ನು ಎತ್ತಿಕೊಂಡು ಬರುವವರಲ್ಲಿ ಹಿಂದೂಗಳೂ ಬೌದ್ಧರೂ ಒಂದೇ ಸಾಲಿನಲ್ಲಿರುತ್ತಾರೆ. ಗುಡಿ ಚಿಕ್ಕದು, ಆದ್ದರಿಂದ ಒಮ್ಮೆಗೆ ನಾಲ್ಕು ಜನರನ್ನಷ್ಟೇ ಕಳಿಸಿ. ಕತ್ತಲಾಗುವ ಮೊದಲೇ ಮೆಟ್ಟಿಲಿಳಿಯುವವರನ್ನು ಹೊರಡಿಸಿ, ವ್ಯಾನನ್ನು ಸುತ್ತಿಸಿ ಪೂರ್ವದ ಬುಡಕ್ಕೆ ತರಿಸಿಕೊಳ್ಳಿ.