ಡಿಮೆನ್ಷಿಯಾ ಇರೋ ತಾತನ ಜೊತೆ ವಿಡಿಯೋ ಕಾಲ್‌ನಲ್ಲಿ ಥೆರಪಿ: ನನ್ನ ಅನುಭವ

ನಾನು ಚಿಕ್ಕಬಳ್ಳಾಪುರದಲ್ಲಿ ಸೈಕಾಲಜಿಸ್ಟ್. ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ ಇರೋರಿಗೆ ಆನ್‌ಲೈನ್ ಥೆರಪಿ ಮಾಡ್ತೀನಿ ಅಂದ್ರೆ ಎಲ್ರೂ ಕೇಳೋದು ಒಂದೇ, ಮನೆಯವ್ರ ಹೆಸ್ರೇ ನೆನಪಿರಲ್ಲ ಅವ್ರಿಗೆ, ಫೋನಲ್ಲಿ ಏನ್ ಮಾತಾಡ್ತೀರ ಅಂತ. ನನಗೂ ಮೊದ್ಲು ಅದೇ ಅನುಮಾನ ಇತ್ತು. ಶಿಡ್ಲಘಟ್ಟದ ಕಡೆ ಹಳ್ಳಿಯ ಒಬ್ರು ತಾತನ ಜೊತೆ ಕೆಲಸ ಮಾಡಿದ್ಮೇಲೆ ಹೋಯ್ತು. ಮನೆಯವ್ರನ್ನ ಕೇಳ್ಕೊಂಡೇ, ಗುರುತು ಸಿಗದ ಹಾಗೆ ಬರೀತಿದೀನಿ.

ತಾತ ಜೀವಮಾನವೆಲ್ಲ ರೇಷ್ಮೆ ಹುಳ ಮೇಯಿಸ್ದೋರು. ಮರೆವು ಶುರುವಾಗಿ ಮೂರು ವರ್ಷ ಆಗಿತ್ತು, ಆದ್ರೆ ಮನೆಯವ್ರು ನನಗೆ ಫೋನ್ ಮಾಡಿದ್ದು ಅದಕ್ಕಲ್ಲ, ಅವ್ರು ಊಟ ಬಿಟ್ಟು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗ್ತಿದ್ರು, "ನಾನ್ಯಾಕಿನ್ನೂ ಇದೀನಿ" ಅಂತಿದ್ರು. ಇದೂ ಮರೆವಿನ ಕಾಯಿಲೆದೇ ಅಂತ ಎಲ್ರೂ ಸುಮ್ನಿದ್ರು. ಅದು ಖಿನ್ನತೆ. ಮರೆವನ್ನ ವಾಸಿ ಮಾಡೋಕೆ ನನ್ನಿಂದ ಆಗಲ್ಲ, ಖಿನ್ನತೆ ಮೇಲೆ ಕೆಲಸ ಮಾಡ್ಬಹುದು. ಬಸ್ ಹತ್ತಿಸಿದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತಿದೀರಾ ಅಂತ ಗಾಬರಿ ಬೀಳ್ತಿದ್ರು, ಅದಕ್ಕೆ ಆನ್‌ಲೈನ್.

ಮೊದಲ್ನೇ ಕಾಲ್ ಪೂರ್ತಿ ಹಾಳು ಮಾಡಿದ್ದು ನಾನೇ. ವಾಟ್ಸಾಪ್ ವಿಡಿಯೋ, ಸೊಸೆ ಫೋನ್ ಹಿಡ್ಕೊಂಡಿದ್ರು. "ತಾತ, ಇವತ್ತು ಯಾವ ವಾರ? ಬೆಳಗ್ಗೆ ಏನ್ ತಿಂದ್ರಿ?" ಅಂತ ಕೇಳ್ದೆ, ಅವ್ರು ಸೊಸೆ ಮುಖ ನೋಡಿದ್ರು, ಆ ನೋಟದಲ್ಲಿ ಎಷ್ಟು ನಾಚಿಕೆ ಇತ್ತು ಅಂದ್ರೆ ನನಗೆ ಇವತ್ತಿಗೂ ಮರ್ತಿಲ್ಲ. ಆಮೇಲೆ ಸ್ಕ್ರೀನ್ ಮೂಲೆಗೆ ಬೆರಳು ತೋರಿಸಿ "ಎವರೀ ಮುಸಲೋಡು? (ಯಾರೀ ಮುದುಕ?) ಯಾಕೆ ನನ್ನೇ ನೋಡ್ತಾವ್ನೆ?" ಅಂದ್ರು. ಅದು ಅವ್ರದೇ ಮುಖ. ಆರು ನಿಮಿಷಕ್ಕೆ ಕಾಲ್ ಮುಗೀತು.

ಆಮೇಲೆ ಮೊಮ್ಮಗನ ಲ್ಯಾಪ್‌ಟಾಪಲ್ಲಿ ಜೂಮ್ ಹಾಕಿಸಿ, ಅವ್ರ ಮುಖ ಅವ್ರಿಗೆ ಕಾಣದ ಹಾಗೆ ಸೆಟ್ ಮಾಡಿಸ್ದೆ. ಬೆಳಕು ಮುಖದ ಎದುರಿಂದ ಬರ್ಬೇಕು, ಟಿವಿ ಆಫ್, ಜೋರಾಗಿ ಕೇಳೋಕೆ ಬೇರೆ ಸ್ಪೀಕರ್ ಹಾಕ್ಬೇಕು. ಟೈಮ್ ಬೆಳಗ್ಗೆ ಹನ್ನೊಂದು, ಯಾಕಂದ್ರೆ ಸಂಜೆ ಆದ್ರೆ ತಾತಂಗೆ ಗಲಿಬಿಲಿ ಜಾಸ್ತಿ. ಇನ್ನೊಂದು ಭಾಷೆ. ಕನ್ನಡದಲ್ಲಿ ಶುರು ಮಾಡಿ ಸುಸ್ತಾದಾಗ ತೆಲುಗಿಗೆ ಹೋಗ್ಬಿಡೋರು, ನಾನೂ ಹಿಂದೇನೇ ಹೋಗ್ತಿದ್ದೆ, ನಮ್ ಕಡೆ ಇದು ಬರ್ದೇ ಇದ್ರೆ ಅರ್ಧ ಮಾತು ಕಳ್ಕೊಂಡ ಹಾಗೆ.

ನಾನು ಇಟ್ಕೊಂಡಿದ್ದು ಕಾಗ್ನಿಟಿವ್ ಸ್ಟಿಮ್ಯುಲೇಶನ್ ಥೆರಪಿ, ಅಂದ್ರೆ ಮಾತು, ಚಟುವಟಿಕೆಯಿಂದ ಮಿದುಳಿಗೆ ಕೆಲಸ ಕೊಡೋದು, ಇಂಗ್ಲೆಂಡಲ್ಲಿ ಬೆಳೆದಿದ್ದು, 2003ರಲ್ಲಿ ಅದರ ದೊಡ್ಡ ಅಧ್ಯಯನ ಬಂತು. ವಾರಕ್ಕೆರಡು ಸಲ, 14 ಸೆಷನ್, ಗುಂಪಲ್ಲಿ ಮಾಡೋದು, ಕೋವಿಡ್ ಟೈಮಲ್ಲಿ ಆನ್‌ಲೈನ್‌ಗೂ ಬಂತು. ನಾನು ತಾತನೊಬ್ರಿಗೇ 25 ನಿಮಿಷಕ್ಕೆ ಇಳಿಸ್ಕೊಂಡೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು, ನೆನಪಿದ್ಯಾ ಅಂತ ಪರೀಕ್ಷೆ ಮಾಡೋ ಹಾಗಿಲ್ಲ, ಅಭಿಪ್ರಾಯ ಕೇಳ್ಬೇಕು.

ಮೂರನೇ ಸೆಷನ್‌ಗೆ ಸೊಸೆಗೆ ಮೊದ್ಲೇ ಹೇಳಿ ಒಂದು ರೇಷ್ಮೆ ಗೂಡು ತರಿಸಿದ್ದೆ. ತಾತನ ಕೈಗೆ ಇಟ್ರು. "ಹೆಂಗಿದೆ ತಾತ ಇದು?" ಅಂದೆ ಅಷ್ಟೆ. ಹೆಬ್ಬೆರಳಲ್ಲಿ ಒತ್ತಿದ್ರು, ಕಿವಿ ಹತ್ರ ಇಟ್ಟು ಅಲ್ಲಾಡಿಸಿದ್ರು, ಒಳಗಿನ ಸದ್ದು ಕೇಳಿ "ಅವಸರ ಮಾಡವ್ರೆ, ಇನ್ನೊಂದಿನ ಬಿಡ್ಬೇಕಿತ್ತು" ಅಂದ್ರು. ಸೊಸೆ ನಕ್ಕು, ಹೌದು ಮೇಡಂ, ಒಂದಿನ ಮುಂಚೆನೇ ಬಿಡಿಸಿದ್ವಿ ಅಂದ್ರು. ಅಲ್ಲಿಂದ ಮಾತು ಹರೀತು, ನಾಲ್ಕನೇ ಜ್ವರದಿಂದ (ಹುಳ ಪೊರೆ ಬಿಡೋ ಟೈಮು) ಹುಳ ಎದ್ಮೇಲೆ ರಾತ್ರಿ ಹಗಲು ಸೊಪ್ಪು ಹಾಕೋದು, ಹಣ್ಣಾದ, ಅಂದ್ರೆ ಗೂಡು ಕಟ್ಟೋಕೆ ರೆಡಿಯಾದ ಹುಳ ಆರಿಸಿ ಚಂದ್ರಂಕಿಗೆ (ಹುಳ ಗೂಡು ಕಟ್ಟೋ ತಟ್ಟೆ) ಬಿಡೋದು, ಎಲ್ಲ ಹೇಳ್ತಾ ಹೇಳ್ತಾ ಸುಮ್ನಾಗಿ, "ಈಗ ಹುಳದ ಮನೆ ಒಳಕ್ಕೆ ನನ್ನ ಬಿಡಲ್ಲಮ್ಮ" ಅಂದ್ರು.

ಇಷ್ಟು ದಿನ ಗೋಡೆ ನೋಡ್ತಿದ್ದಿದ್ದಕ್ಕೆ ಕಾರಣ ಅಲ್ಲಿತ್ತು. ಬಾಗಿಲು ತೆರೆದಿಟ್ಟು ಬರ್ತಾರೆ, ಹುಳಕ್ಕೆ ರೋಗ ತಗುಲುತ್ತೆ ಅಂತ ಮನೆಯವ್ರು ತಡೆದಿದ್ರು, ಅವ್ರದ್ದೂ ತಪ್ಪಲ್ಲ, ಒಂದು ಬೆಳೆ ಹೋದ್ರೆ ದೊಡ್ಡ ನಷ್ಟ. ಮಾತಾಡಿ ಒಂದು ದಾರಿ ಮಾಡ್ಕೊಂಡ್ವಿ. ದಿನಾ ಹತ್ತು ಗಂಟೆಗೆ ಅರ್ಧ ಗಂಟೆ, ಹೊರಗಡೆ ಜಗಲಿ ಮೇಲೆ, ಚಂದ್ರಂಕಿಗೆ ಅಂಟಿರೋ ಎಳೆ ಬಿಡಿಸೋದು, ಗೂಡು ಬಿಡಿಸಿದಾಗ ಜೋಡಿ ಗೂಡು, ಕಲೆ ಗೂಡು ಬೇರೆ ಮಾಡೋದು, ಪಕ್ಕದಲ್ಲಿ ಯಾರಾದ್ರೂ ಇರ್ಬೇಕು. ಎರಡು ವಾರಕ್ಕೆ ಊಟಕ್ಕೆ ತಾವೇ ಎದ್ದು ಬರೋಕೆ ಶುರು ಮಾಡಿದ್ರು.

ಪ್ರತಿ ಸೆಷನ್‌ನ ಕೊನೆ ಹತ್ತು ನಿಮಿಷ ಸೊಸೆಗೆ ಮಾತ್ರ. ಅದಿಲ್ದೆ ಈ ಕೆಲಸ ಮಾಡ್ಲೇಬಾರ್ದು ಅನ್ನೋದು ನನ್ನ ಅಭಿಪ್ರಾಯ, ಸ್ಕ್ರೀನ್ ಆ ಕಡೆ ನನ್ನ ಕೈ ಕಾಲು ಎಲ್ಲ ಅವ್ರೇ, ಆಯಮ್ಮ ರಾತ್ರಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು ಅಂತ ಅಲ್ಲಿವರೆಗೂ ಯಾರೂ ಕೇಳಿರ್ಲಿಲ್ಲ.

ಎಲ್ರಿಗೂ ಆನ್‌ಲೈನ್ ಆಗಲ್ಲ. ಕಿವಿ ಪೂರ್ತಿ ಕೇಳದ ಒಬ್ರು ಅಜ್ಜಿಗೆ ಎರಡೇ ಸಲಕ್ಕೆ ನಿಲ್ಲಿಸಿ ಮನೆಗೇ ಹೋದೆ. ಸಾಯೋ ಮಾತು ಬಂದ್ರೆ ಮನೆ ವಿಳಾಸ, ಪಕ್ಕದ ಮನೆ ನಂಬರ್ ಮೊದ್ಲೇ ನನ್ ಹತ್ರ ಇರ್ಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಮನೆಯವ್ರಿಗೆ ಬರೆಸಿಡ್ತೀನಿ, ಕನ್ನಡದಲ್ಲೇ ಮಾತಾಡ್ಬಹುದು. ಮಾತ್ರೆ ವಿಷಯ ಡಾಕ್ಟ್ರದ್ದು. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನಲ್ಲಿ ನಮ್ಮ ಜಿಲ್ಲೆ, ಕೋಲಾರ ಎರಡೂ ಮೊದಲ ಹಂತದಲ್ಲೇ ಇದ್ವು, ಮರೆವು ಕಂಡ ತಕ್ಷಣ ಅದರ ಕ್ಲಿನಿಕ್ಕಲ್ಲಿ ತೋರಿಸಿ.

14 ಸೆಷನ್ ಮುಗಿದು ಈಗ ವಾರಕ್ಕೊಂದು ಸಲ ಮಾಡ್ತಿದೀವಿ. ಹೋದ ವಾರ ಹನ್ನೊಂದಕ್ಕೆ ಕಾದೆ, ಯಾರೂ ಬರ್ಲಿಲ್ಲ. ಸೊಸೆ ಫೋನ್ ಮಾಡಿ, ಹುಳ ಹಣ್ಣಾಗವೆ ಮೇಡಂ, ಮಾವ ಜಗಲಿ ಬಿಟ್ಟು ಏಳಲ್ಲ ಅಂತಾವ್ರೆ ಅಂದ್ರು. ಶುಕ್ರವಾರಕ್ಕೆ ಹಾಕೊಂಡ್ವಿ.