ಅಕ್ಷಾಂಶ 21 ಕಿಲೋಮೀಟರ್ ತಪ್ಪುತ್ತಿದ್ದುದು ಏಕೆ: ನನ್ನ ಅನುಭವ

ಹಾರಾಟವನ್ನು ಅನುಕರಿಸುವ ನನ್ನ ಪ್ರೋಗ್ರಾಮಿನಲ್ಲಿ, ಭೂಕೇಂದ್ರದಿಂದ ಅಳೆದ ಎಕ್ಸ್, ವೈ, ಝಡ್ ನಿರ್ದೇಶಾಂಕಗಳನ್ನು ಅಕ್ಷಾಂಶ, ರೇಖಾಂಶ, ಎತ್ತರಗಳಿಗೆ ಬದಲಿಸುವಾಗ ರೇಖಾಂಶ ಸರಿಯಾಗಿಯೇ ಬರುತ್ತಿತ್ತು. ಅಕ್ಷಾಂಶ ಮಾತ್ರ ತಪ್ಪುತ್ತಿತ್ತು. ದಶಮಾಂಶಗಳ ನಿಖರತೆ ಸಾಲದೆಂದು ಭಾವಿಸಿ ಎರಡು ದಿನ ಅದರ ಹಿಂದೆಯೇ ಬಿದ್ದಿದ್ದೆ.

ಬೇರೆ ಬೇರೆ ಅಕ್ಷಾಂಶಗಳಲ್ಲಿ ತಪ್ಪು ಎಷ್ಟೆಂದು ಬರೆದು ನೋಡಿದಾಗ ಸುಳಿವು ಸಿಕ್ಕಿತು: ಸಮಭಾಜಕ ವೃತ್ತದಲ್ಲಿ ಸೊನ್ನೆ, 45 ಡಿಗ್ರಿಯ ಬಳಿ ಸುಮಾರು 0.19 ಡಿಗ್ರಿ, ಅಂದರೆ ನೆಲದ ಮೇಲೆ ಸುಮಾರು 21 ಕಿಲೋಮೀಟರ್, ಧ್ರುವದಲ್ಲಿ ಮತ್ತೆ ಸೊನ್ನೆ. ಇಷ್ಟು ಕ್ರಮಬದ್ಧವಾದ ತಪ್ಪು ನಿಖರತೆಯ ಕೊರತೆಯಿಂದ ಹುಟ್ಟುವುದಿಲ್ಲ.

ನಾನು ಲೆಕ್ಕ ಹಾಕಿದ್ದು ಭೂಕೇಂದ್ರದಿಂದ ಎಳೆದ ರೇಖೆಯ ಕೋನವನ್ನು; ನಕ್ಷೆಗಳೂ ಜಿಪಿಎಸ್ ಕೂಡ ಬಳಸುವುದು ದೀರ್ಘವೃತ್ತಜದ (ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಳದಂಥ ಆಕಾರದ) ಮೇಲ್ಮೈಗೆ ಲಂಬವಾದ ರೇಖೆಯು ಸಮಭಾಜಕ ತಲದೊಂದಿಗೆ ಮಾಡುವ ಕೋನವನ್ನು. ಜಿಪಿಎಸ್ ಬಳಸುವ ಭೂಮಿಯ ಆಕಾರದ ಮಾನದಂಡವಾದ ಡಬ್ಲ್ಯುಜಿಎಸ್ 84ರ ಪ್ರಕಾರ ಭೂಮಿಯ ಸಮಭಾಜಕ ತ್ರಿಜ್ಯ 6378.137 ಕಿಲೋಮೀಟರ್, ಧ್ರುವೀಯ ತ್ರಿಜ್ಯ ಸುಮಾರು 6356.752 ಕಿಲೋಮೀಟರ್ ಆಗಿರುವುದರಿಂದ ಈ ಎರಡು ರೇಖೆಗಳು ಸಾಮಾನ್ಯವಾಗಿ ಒಂದಾಗುವುದಿಲ್ಲ.

ಅಕ್ಷಾಂಶ ಮತ್ತು ಎತ್ತರ ಒಂದನ್ನೊಂದು ಅವಲಂಬಿಸಿರುವ ಕಾರಣ ಎರಡನ್ನೂ ಸರದಿಯಂತೆ ತಿದ್ದುವ ಪುನರಾವರ್ತನೆಯನ್ನು ಬರೆದೆ. ಕೆಲವೇ ಸುತ್ತುಗಳಲ್ಲಿ ಉತ್ತರ ಸ್ಥಿರವಾಯಿತು. ಫಲಿತಾಂಶವನ್ನು ಮರಳಿ ಎಕ್ಸ್, ವೈ, ಝಡ್‌ಗೆ ಬದಲಿಸಿದಾಗ ಮೂಲ ಸಂಖ್ಯೆಗಳೇ ಬಂದವು. ಧ್ರುವದ ಬಳಿ ಮಾತ್ರ ಅಕ್ಷಾಂಶದ ಕೊಸೈನ್ ಸೊನ್ನೆಗೆ ಹತ್ತಿರವಾಗುವುದರಿಂದ ಎತ್ತರದ ಸೂತ್ರದಲ್ಲಿ ಅದರಿಂದ ಭಾಗಿಸುವುದು ಅಪಾಯಕಾರಿ. ಅಲ್ಲಿ ಝಡ್ ಆಧಾರಿತ ಸೂತ್ರವನ್ನು ಬಳಸಿದ್ದೇನೆ.